ಕೊಕೇನ್, ಮೆತ್ ಚಟಕ್ಕೆ ಇನ್ನೂ ಮಾತ್ರೆ ಯಾಕಿಲ್ಲ?

(ಮೈಸೂರಿನಲ್ಲಿ ವೈದ್ಯಕೀಯ ಓದದ ಸಭಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಫಾರ್ಮಕಾಲಜಿ ಪಾಠದಲ್ಲಿ ಚಟ ಬಿಡಿಸುವ ಮದ್ದುಗಳ ಪಟ್ಟಿಯೊಂದು ಬರುತ್ತದೆ. ಸಿಗರೇಟು ಬಿಡಲು ನಿಕೋಟಿನ್ ಗಮ್ ಇದೆ, ಬುಪ್ರೊಪಿಯಾನ್ ಇದೆ, ವಾರೆನಿಕ್ಲಿನ್ ಇದೆ. ಕುಡಿತಕ್ಕೆ ಡೈಸಲ್ಫಿರಾಮ್, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಹೆರಾಯಿನ್‌ಗೆ ಮೆಥಡೋನ್, ಬುಪ್ರೆನಾರ್ಫಿನ್. ಆಮೇಲೆ ಕೊಕೇನ್, ಮೆಥಾಂಫೆಟಮಿನ್, ಆಂಫೆಟಮಿನ್. ಇವುಗಳ ಎದುರಿನ ಜಾಗ ಖಾಲಿ. ಮೆಥಾಂಫೆಟಮಿನ್ ಅನ್ನೋದು ಉದ್ದವಾಯಿತು, ಇನ್ನು ಮುಂದೆ ಮೆತ್ ಅನ್ನುತ್ತೇನೆ. ಈ ಉತ್ತೇಜಕ ಡ್ರಗ್ಸ್‌ನ ಚಟಕ್ಕೆ ಅಂತ, ಮದ್ದುಗಳಿಗೆ ಪರವಾನಗಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಒಂದೇ ಒಂದು ಮದ್ದಿಗೂ ಒಪ್ಪಿಗೆ ಕೊಟ್ಟಿಲ್ಲ.

ಯಾರೂ ಹುಡುಕಿಲ್ಲ ಅಂತ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಚಟದ ಬಗ್ಗೆ ಸಂಶೋಧನೆ ಮಾಡಿಸುವ ಸರ್ಕಾರಿ ಸಂಸ್ಥೆ ಒಂದಿದೆ, ನೈಡಾ ಅಂತ. ಅದು 1990ರಲ್ಲೇ ಮದ್ದು ಹುಡುಕಲು ಒಂದು ಪ್ರತ್ಯೇಕ ವಿಭಾಗ ತೆರೆಯಿತು. ಅಲ್ಲಿಂದ ಇಲ್ಲಿಯವರೆಗೆ ಹತ್ತಾರು ಮದ್ದುಗಳನ್ನು ಪರೀಕ್ಷಿಸಿದ್ದಾರೆ. ಮೂರ್ಛೆರೋಗದ ಮಾತ್ರೆ, ಖಿನ್ನತೆಯ ಮಾತ್ರೆ, ನಿದ್ದೆ ಓಡಿಸುವ ಮಾತ್ರೆ, ಲಸಿಕೆ, ಎಲ್ಲವೂ ಆಗಿದೆ. ಹಾಗಿದ್ದೂ ಜಾಗ ಖಾಲಿ ಯಾಕೆ? ಮಿದುಳಿನ ರಚನೆಯೇ ಒಂದು ಕಾರಣ. ಗೆಲುವನ್ನು ನಾವು ಅಳೆದ ರೀತಿ ಇನ್ನೊಂದು ಕಾರಣ. ಎರಡನೆಯದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಇವತ್ತು ಹೇಳಬೇಕಾಗಿರುವುದು ಅದನ್ನೇ.

ಮೊದಲು ಲೆಕ್ಕ ನೋಡಿಬಿಡೋಣ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 3 ಕೋಟಿ ಜನ ಆಂಫೆಟಮಿನ್ ಜಾತಿಯ ಡ್ರಗ್ಸ್ ತೆಗೆದುಕೊಂಡಿದ್ದರು. ಕೊಕೇನ್ ತೆಗೆದುಕೊಂಡವರು 2 ಕೋಟಿ 30 ಲಕ್ಷದ ಆಸುಪಾಸು. ಅದೇ ವರ್ಷ ಅಮೆರಿಕದಲ್ಲಿ ಮೆತ್ ಮತ್ತು ಅದರಂಥ ಡ್ರಗ್ಸ್ ಸೇರಿದ್ದ ಸಾವುಗಳು ಸುಮಾರು 34 ಸಾವಿರ, ಕೊಕೇನ್ ಸೇರಿದ್ದವು 27 ಸಾವಿರಕ್ಕೂ ಜಾಸ್ತಿ. ಇವುಗಳಲ್ಲಿ ಬಹಳಷ್ಟು ಕಡೆ ಹೆರಾಯಿನ್ ಜಾತಿಯ ಫೆಂಟನಿಲ್ ಕೂಡ ಬೆರೆತಿತ್ತು. ಫೆಂಟನಿಲ್‌ನಿಂದ ಉಸಿರು ನಿಲ್ಲುತ್ತಿದ್ದರೆ ನಾಲೊಕ್ಸೋನ್ ಕೊಟ್ಟು ಎಬ್ಬಿಸಬಹುದು. ಮೆತ್ ಜಾಸ್ತಿಯಾಗಿ ಹೃದಯ ಕೈಕೊಡುತ್ತಿದ್ದರೆ ಅಂಥ ಮರುಮದ್ದು ಇಲ್ಲ.

ನಮ್ಮಲ್ಲಿ 2019ರಲ್ಲಿ ದಿಲ್ಲಿಯ ಏಮ್ಸ್ ಮಾಡಿದ ರಾಷ್ಟ್ರಮಟ್ಟದ ಸಮೀಕ್ಷೆ ಹೊರಬಂತು. 10ರಿಂದ 75 ವರ್ಷದವರಲ್ಲಿ ಶೇ 14.6ರಷ್ಟು ಜನ ಮದ್ಯ ಕುಡಿಯುತ್ತಾರೆ. ಆಂಫೆಟಮಿನ್ ಜಾತಿಯವು ಶೇ 0.18, ಕೊಕೇನ್ ಶೇ 0.10. ಇದೇನು ಚಿಲ್ಲರೆ ಅನ್ನಿಸಬಹುದು. ನಮ್ಮ ಜನಸಂಖ್ಯೆಗೆ 0.18 ಅಂದರೂ 20 ಲಕ್ಷದ ಹತ್ತಿರ ಬರುತ್ತದೆ. ಆಂಫೆಟಮಿನ್ ಜಾತಿಯದೇ ಆದ ಎಂಡಿಎಂಎ ಬೆಂಗಳೂರಿನಲ್ಲಿ ಸಿಕ್ಕ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ನಮ್ಮ ಮೈಸೂರಿಗೇ ಬಂದು ಮೆಫೆಡ್ರೋನ್ ಘಟಕವೊಂದರ ಮೇಲೆ ದಾಳಿ ಮಾಡಿದ್ದು ನಿಮಗೆಲ್ಲ ನೆನಪಿರಬಹುದು. ಮೆಫೆಡ್ರೋನ್ ಕೂಡ ಇದೇ ಕುಟುಂಬದ್ದು. ಅದರ ಚಟಕ್ಕೂ ಮದ್ದಿಲ್ಲ.

ಈಗ ಮಿದುಳಿಗೆ ಬರೋಣ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕೊಡುವಾಗ ನಡುವಿನ ಸಂದಿಗೆ ಡೋಪಮಿನ್ ಅನ್ನುವ ರಾಸಾಯನಿಕ ಸುರಿಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಎಳೆದುಕೊಳ್ಳಲು ನರಕೋಶದ ಗೋಡೆಯಲ್ಲಿ ಒಂದು ಪ್ರೋಟೀನು ಇದೆ. ಅದನ್ನು ಬಚ್ಚಲಿನ ತೂಬು ಅಂದುಕೊಳ್ಳಿ. ಕೊಕೇನ್ ಬಂದು ಈ ತೂಬನ್ನು ಮುಚ್ಚುತ್ತದೆ. ಡೋಪಮಿನ್ ಹೋಗಲು ದಾರಿಯಿಲ್ಲದೆ ಸಂದಿಯಲ್ಲೇ ನಿಲ್ಲುತ್ತದೆ. ಮೆತ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ತೂಬಿನ ಮೂಲಕ ನರಕೋಶದೊಳಗೇ ನುಗ್ಗಿ, ಅಲ್ಲಿ ಕೂಡಿಟ್ಟ ಡೋಪಮಿನ್ ಚೆಲ್ಲಿ, ತೂಬು ಹಿಮ್ಮುಖವಾಗಿ ಉಕ್ಕುವಂತೆ ಮಾಡುತ್ತದೆ. ಕೊಕೇನ್ ರಕ್ತದಲ್ಲಿ ಒಂದು ಗಂಟೆ ಸುಮಾರಿಗೆ ಅರ್ಧ ಇಳಿಯುತ್ತದೆ. ಮೆತ್ ಅರ್ಧ ಆಗಲು ಹತ್ತು ಗಂಟೆಯಾದರೂ ಬೇಕು.

ಕೊಕೇನ್‌ನ ಅಮಲಿಗೂ ಈ ತೂಬಿಗೂ ನಂಟಿದೆ ಅಂತ 1987ರಲ್ಲಿ ಮೈಕಲ್ ಕುಹಾರ್ ಮತ್ತು ಅವರ ಜೊತೆಗಾರರು ತೋರಿಸಿದರು. ಆಗ ಎಲ್ಲರಿಗೂ ಉತ್ಸಾಹ ಬಂತು. ಜಾಗ ಸಿಕ್ಕಿತು, ಇನ್ನು ಮದ್ದು ಮಾಡುವುದೇನು ಕಷ್ಟ ಅಂತ.

ಕಷ್ಟ ಇತ್ತು. ಹೆರಾಯಿನ್ ಕೂರುವ ಜಾಗದಲ್ಲಿ ಮದ್ದೊಂದನ್ನು ಕೂರಿಸಿಬಿಟ್ಟರೆ ಹೆರಾಯಿನ್‌ಗೆ ಜಾಗ ಇರುವುದಿಲ್ಲ. ಬುಪ್ರೆನಾರ್ಫಿನ್ ಮಾಡುವುದು ಅದನ್ನೇ. ಕೊಕೇನ್ ವಿಷಯದಲ್ಲಿ ಹಾಗೆ ಮಾಡಲು ಹೋದರೆ, ತೂಬಿಗೆ ಕೊಕೇನ್ ಬರದ ಹಾಗೆ ತಡೆಯುವ ಮದ್ದೂ ತೂಬನ್ನು ಮುಚ್ಚುತ್ತದೆ. ಅಂದರೆ ಅದೂ ಕೊಕೇನ್‌ನಂತೆಯೇ ಆಯಿತು! ಸರಿ, ತೂಬು ಬೇಡ, ಆ ಕಡೆ ಡೋಪಮಿನ್ ಹೋಗಿ ಮುಟ್ಟುವ ಜಾಗವನ್ನೇ ಮುಚ್ಚೋಣ ಅಂದರೆ? ಡೋಪಮಿನ್ ಇರುವುದು ಅಮಲಿಗೆ ಮಾತ್ರ ಅಲ್ಲ. ಬೆಳಿಗ್ಗೆ ಎದ್ದು ಕಾಫಿ ಬೇಕು ಅನ್ನಿಸುವುದಕ್ಕೆ, ಕೈಕಾಲು ಸಲೀಸಾಗಿ ಆಡುವುದಕ್ಕೆ, ಮಗುವಿನ ಮುಖ ನೋಡಿದರೆ ಖುಷಿಯಾಗುವುದಕ್ಕೂ ಅದು ಬೇಕು. ಅದನ್ನು ತಡೆದರೆ ಮನುಷ್ಯ ಮಂಕಾಗುತ್ತಾನೆ.

ಫಿನ್‌ಲೆಂಡಿನಲ್ಲಿ ಇದನ್ನು ಮಾಡಿ ನೋಡಿದರು. ಆಂಫೆಟಮಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಡೋಪಮಿನ್‌ನ ಜಾಗದಲ್ಲಿ ಕೂತು ಅದರ ಜೋರು ತಗ್ಗಿಸುವ ಅರಿಪಿಪ್ರಜೋಲ್. ಇನ್ನೊಂದಕ್ಕೆ ಮೀಥೈಲ್‌ಫೆನಿಡೇಟ್, ಅದೇ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಇರುವ ಮಕ್ಕಳಿಗೆ ಕೊಡುವ ಮಾತ್ರೆ. ಮೂರನೆಯದಕ್ಕೆ ಮದ್ದಿಲ್ಲದ ಹುಸಿ ಮಾತ್ರೆ. 2007ರಲ್ಲಿ ಫಲಿತಾಂಶ ಬಂತು. ಅರಿಪಿಪ್ರಜೋಲ್ ತೆಗೆದುಕೊಂಡವರು ಹುಸಿ ಮಾತ್ರೆಯವರಿಗಿಂತ ಜಾಸ್ತಿ ಆಂಫೆಟಮಿನ್ ತೆಗೆದುಕೊಂಡಿದ್ದರು. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮೀಥೈಲ್‌ಫೆನಿಡೇಟ್ ಗುಂಪು ಮಾತ್ರ ಸುಧಾರಿಸಿತ್ತು.

ಇಲ್ಲಿ ನಿಮಗೆ ಒಂದು ಪ್ರಶ್ನೆ ಏಳಬೇಕು. ಮೀಥೈಲ್‌ಫೆನಿಡೇಟ್ ಕೂಡ ಕೊಕೇನ್‌ನಂತೆ ಅದೇ ತೂಬನ್ನು ಮುಚ್ಚುತ್ತದೆ. ಮತ್ತೆ ಮಕ್ಕಳಿಗೆ ಅದನ್ನು ಹೇಗೆ ಕೊಡುತ್ತಾರೆ? ಇದಕ್ಕೆ ಉತ್ತರ ಕೊಟ್ಟವರು ನೋರಾ ವೋಲ್ಕೋವ್. ಮುಂದೆ 2003ರಲ್ಲಿ ನೈಡಾದ ನಿರ್ದೇಶಕಿಯಾದರು. 1990ರ ದಶಕದಲ್ಲಿ ಅವರ ತಂಡ ಮಿದುಳಿನೊಳಗೆ ಏನಾಗುತ್ತಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ಮಾಡಿ, ತೂಬುಗಳು ಎಷ್ಟು ಮುಚ್ಚಿದರೆ ಏನಾಗುತ್ತದೆ ಅಂತ ಅಳೆದರು. ಕೊಕೇನ್‌ನ ಅಮಲು ಏರಬೇಕಾದರೆ ಕನಿಷ್ಠ ಶೇ 47ರಷ್ಟು ಮುಚ್ಚಬೇಕು. ಮೀಥೈಲ್‌ಫೆನಿಡೇಟ್ ಮಾತ್ರೆ ನುಂಗಿದವರಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಮುಚ್ಚಿತ್ತು, ಆದರೆ ಅಮಲು ಇರಲಿಲ್ಲ. ವ್ಯತ್ಯಾಸ ಇದ್ದದ್ದು ವೇಗದಲ್ಲಿ. ಕೊಕೇನ್ ಸೇದಿದರೆ ಕೆಲವೇ ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಮಾತ್ರೆ ಹೊಟ್ಟೆಯಲ್ಲಿ ಕರಗಿ ಮೇಲೇರಲು ಗಂಟೆಯಾದರೂ ಬೇಕು. ಡೋಪಮಿನ್ ಎಷ್ಟು ಏರಿತು ಅನ್ನೋದಕ್ಕಿಂತ ಎಷ್ಟು ಬೇಗ ಏರಿತು ಅನ್ನೋದನ್ನೇ ಮಿದುಳು ಅಮಲು ಅಂತ ಗುರುತಿಸುತ್ತದೆ. ಈ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಸಂಶೋಧನೆ ಇದು.

ಹಾಗಾದರೆ ಇದನ್ನೇ ಮದ್ದು ಮಾಡಬಹುದಲ್ವಾ? ನಿಧಾನವಾಗಿ ಬಿಡುಗಡೆಯಾಗುವ ಉತ್ತೇಜಕವನ್ನು ವೈದ್ಯರೇ ಕೊಟ್ಟರೆ? ಮಾಡಿದ್ದಾರೆ, ಫಲವೂ ಕಂಡಿದೆ. 2015ರಲ್ಲಿ ಫ್ರಾನ್ಸಿಸ್ ಲೆವಿನ್ ತಂಡ ಎಡಿಎಚ್‌ಡಿ ಮತ್ತು ಕೊಕೇನ್ ಚಟ ಎರಡೂ ಇದ್ದ 126 ಜನರಿಗೆ ನಿಧಾನ ಆಂಫೆಟಮಿನ್ ಕೊಟ್ಟಿತು. ಕೊನೆಯ ಮೂರು ವಾರ ಕೊಕೇನ್ ಮುಟ್ಟದವರು ಹುಸಿ ಮಾತ್ರೆಯಲ್ಲಿ ಶೇ 7, ಹೆಚ್ಚಿನ ಡೋಸ್‌ನಲ್ಲಿ ಶೇ 30. ಮರುವರ್ಷ ನೆದರ್‌ಲೆಂಡ್ಸ್‌ನಲ್ಲಿ ಹೆರಾಯಿನ್ ಮತ್ತು ಕೊಕೇನ್ ಎರಡಕ್ಕೂ ಸಿಕ್ಕಿಬಿದ್ದ, ಬೇರೆ ಚಿಕಿತ್ಸೆಗಳಿಗೆ ಬಗ್ಗದ 73 ಜನರಿಗೆ 12 ವಾರ ನಿಧಾನ ಡೆಕ್ಸಾಂಫೆಟಮಿನ್ ಕೊಟ್ಟರು. ಹುಸಿ ಮಾತ್ರೆಯವರು ಆ ಅವಧಿಯಲ್ಲಿ ಸರಾಸರಿ 61 ದಿನ ಕೊಕೇನ್ ತೆಗೆದುಕೊಂಡರೆ ಇವರು 45 ದಿನ.

ಇದು ಮುಂದೆ ಹೋಗದಿರಲು ಕಾರಣ ಭಯ. ಹೃದಯದ ಮೇಲೆ ಏನಾಗುತ್ತದೋ, ಮಾತ್ರೆ ಬೀದಿಯಲ್ಲಿ ಮಾರಾಟಕ್ಕೆ ಬಂದರೆ ಏನು ಗತಿ. ಈ ಭಯ ಸುಳ್ಳಲ್ಲ. ನಮ್ಮಲ್ಲೂ ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಹೆರಾಯಿನ್ ಚಟದವರಿಗೆ ಮೆಥಡೋನ್ ಕೊಡಲು 1960ರ ದಶಕದಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಶುರು ಮಾಡಿದಾಗಲೂ ಇದೇ ಆಕ್ಷೇಪ ಇತ್ತು. ಒಂದು ಅಮಲು ಬಿಡಿಸಿ ಇನ್ನೊಂದು ಕೊಡುವುದೇ ಅಂತ. ಆ ವಾದ ಮೆಥಡೋನ್ ಮುಂದೆ ನಿಲ್ಲಲಿಲ್ಲ. ಉತ್ತೇಜಕಗಳ ಮುಂದೆ ಇನ್ನೂ ನಿಂತಿದೆ.

ಈ ಆಕ್ಷೇಪಕ್ಕೆ ಒಂದು ಹಳೆಯ ಗಾಯವೂ ಇದೆ ಅನ್ನಿ. 1884ರಲ್ಲಿ ವಿಯೆನ್ನಾದ ಒಬ್ಬ ಯುವ ವೈದ್ಯರು ಕೊಕೇನ್ ಅನ್ನು ಹೊಗಳಿ ಲೇಖನ ಬರೆದರು. ಮಾರ್ಫಿನ್ ಚಟಕ್ಕೆ ಅದೇ ಮದ್ದು ಅಂದರು. ತಮ್ಮ ಗೆಳೆಯ ಫ್ಲೈಶ್ಲ್‌ಗೂ ಅದನ್ನೇ ಸೂಚಿಸಿದರು. ಗೆಳೆಯನಿಗೆ ಕೊಕೇನ್ ಚಟವೂ ಅಂಟಿತು, 1891ರಲ್ಲಿ ತೀರಿಕೊಂಡರು. ಆ ವೈದ್ಯರ ಹೆಸರು ಸಿಗ್ಮಂಡ್ ಫ್ರಾಯ್ಡ್.

ಉಳಿದ ಮದ್ದುಗಳ ಕಥೆ ಒಂದೇ ಥರ. ಮೊದಲು ಚಿಕ್ಕ ಪರೀಕ್ಷೆ, ಭರ್ಜರಿ ಫಲಿತಾಂಶ. ಆಮೇಲೆ ದೊಡ್ಡ ಪರೀಕ್ಷೆ, ಏನೂ ಇಲ್ಲ. ಡೆಸಿಪ್ರಮಿನ್ ಅನ್ನುವ ಖಿನ್ನತೆಯ ಮಾತ್ರೆಯನ್ನು 1989ರಲ್ಲಿ 72 ಜನರ ಮೇಲೆ ಪರೀಕ್ಷಿಸಿದರು. ಸತತವಾಗಿ ಮೂರ್ನಾಲ್ಕು ವಾರ ಕೊಕೇನ್ ಬಿಟ್ಟವರು ಶೇ 59. ಹುಸಿ ಮಾತ್ರೆಯಲ್ಲಿ ಶೇ 17. ಎಲ್ಲರೂ ಕುಣಿದಾಡಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಫಲ ಕರಗಿಹೋಯಿತು. ನಿದ್ದೆ ಓಡಿಸುವ ಮೊಡಾಫಿನಿಲ್‌ಗೂ ಇದೇ ಆಯಿತು, ಸ್ನಾಯು ಸಡಿಲಿಸುವ ಬ್ಯಾಕ್ಲೊಫೆನ್‌ಗೂ ಇದೇ ಆಯಿತು.

ವಿಗಾಬಾಟ್ರಿನ್ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಮೂರ್ಛೆರೋಗದ ಮದ್ದು ಅದು. ಮೆಕ್ಸಿಕೊ ಸಿಟಿಯಲ್ಲಿ 103 ಜನರ ಮೇಲೆ ಒಂಬತ್ತು ವಾರ ಪರೀಕ್ಷೆ ನಡೆಯಿತು, 2009ರಲ್ಲಿ ವರದಿ ಬಂತು. ಕೊನೆಯ ವಾರಗಳಲ್ಲಿ ಕೊಕೇನ್ ಬಿಟ್ಟವರು ಶೇ 28, ಹುಸಿ ಮಾತ್ರೆಯಲ್ಲಿ ಶೇ 7.5. ಅಮೆರಿಕದಲ್ಲಿ ಮತ್ತೆ ಮಾಡಿದರು. 2013ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪು ಒಂದೇ. ಮದ್ದು ಸೋತಿತು ಅಂತ ಕಡತ ಮುಚ್ಚುವ ಮೊದಲು ಸಂಶೋಧಕರು ಒಂದು ಒಳ್ಳೆಯ ಕೆಲಸ ಮಾಡಿದರು. ಮೂತ್ರದಲ್ಲಿ ವಿಗಾಬಾಟ್ರಿನ್ ಎಷ್ಟಿದೆ ಅಂತ ಅಳೆದರು. ನೋಡಿದರೆ, ಶೇ 40ರಿಂದ 60ರಷ್ಟು ಜನ ಮಾತ್ರೆಯನ್ನು ಸರಿಯಾಗಿ ನುಂಗಿಯೇ ಇರಲಿಲ್ಲ ಅನ್ನಿಸುತ್ತದೆ! ಮದ್ದು ಸೋತಿತೋ, ಡಬ್ಬಿಯಲ್ಲೇ ಉಳಿಯಿತೋ ಹೇಳುವುದು ಹೇಗೆ? ವಿಗಾಬಾಟ್ರಿನ್ ಬೇಕೇ ಬೇಕು ಅಂತ ನಾನು ವಾದಿಸುತ್ತಿಲ್ಲ. ಅದು ಕಣ್ಣಿನ ಅಂಚಿನ ದೃಷ್ಟಿಯನ್ನು ಶಾಶ್ವತವಾಗಿ ಕೆಡಿಸಬಹುದು. ಆದರೆ ಸೋತ ಮದ್ದುಗಳ ಪಟ್ಟಿಯಲ್ಲಿ ನುಂಗದ ಮದ್ದುಗಳು ಎಷ್ಟಿವೆಯೋ ಅನ್ನುವ ಅನುಮಾನ ನನ್ನನ್ನು ಬಿಟ್ಟಿಲ್ಲ.

ನುಂಗುವ ತಾಪತ್ರಯವೇ ಬೇಡ ಅಂತ ಹೊರಟವರು ಲಸಿಕೆಯವರು. ಉಪಾಯ ಚೆನ್ನಾಗಿದೆ. ರಕ್ತದಲ್ಲೇ ಕೊಕೇನ್ ಅನ್ನು ಹಿಡಿದು ಕಟ್ಟಿಹಾಕಿದರೆ ಅದು ಮಿದುಳಿಗೆ ಹೋಗುವುದೇ ಇಲ್ಲ. ತೊಂದರೆ ಏನೆಂದರೆ ಕೊಕೇನ್ ಅಣು ತೀರಾ ಚಿಕ್ಕದು, ನಮ್ಮ ರೋಗನಿರೋಧಕ ವ್ಯವಸ್ಥೆಗೆ ಕಾಣುವುದೇ ಇಲ್ಲ. ಹಾಗಾಗಿ ಕೊಕೇನ್‌ನಂಥ ಅಣುವನ್ನು ಕಾಲರಾ ರೋಗಾಣುವಿನ ವಿಷದ ಒಂದು ನಿರಪಾಯ ತುಂಡಿಗೆ ಅಂಟಿಸಿದರು. ಥಾಮಸ್ ಕಾಸ್ಟನ್ ಮತ್ತು ಜೊತೆಗಾರರ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಕೊಕೇನ್ ಅನ್ನು ಹಿಡಿಯುವ ಪ್ರತಿಕಾಯ ಬೇಕಾದಷ್ಟು ಬಂದದ್ದು ಶೇ 38ರಷ್ಟು ಜನರಿಗೆ ಮಾತ್ರ. ಅದೂ ಎರಡು ತಿಂಗಳ ಮಟ್ಟಿಗೆ. ಬಂದವರು ಕೊಕೇನ್ ಕಡಿಮೆ ಮಾಡಿದ್ದು ನಿಜ. ಕೆಲವರು ಅಮಲು ಏರಲಿಲ್ಲ ಅಂತ ಇನ್ನೂ ಜಾಸ್ತಿ ತೆಗೆದುಕೊಂಡದ್ದೂ ನಿಜ. 2014ರಲ್ಲಿ 300 ಜನರ ಪರೀಕ್ಷೆಯ ವರದಿ ಬಂದಾಗ ಲಸಿಕೆ ಗೆಲ್ಲಲಿಲ್ಲ. ಕೆಲಸ ನಿಂತಿಲ್ಲ. ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ವಿಶ್ವವಿದ್ಯಾಲಯದವರು ಕ್ಯಾಲಿಕ್ಸ್‌ಕೋಕ ಅನ್ನುವ ಲಸಿಕೆ ಮಾಡಿ 2023ರಲ್ಲಿ 5 ಲಕ್ಷ ಯೂರೊ ಬಹುಮಾನ ಗೆದ್ದರು. ಆಗ ಅದಿನ್ನೂ ಪ್ರಾಣಿಗಳ ಮೇಲಿನ ಪರೀಕ್ಷೆಯ ಹಂತದಲ್ಲಿತ್ತು.

ನನಗೆ ಲಸಿಕೆಯ ಮೇಲೆ ಅಷ್ಟು ಭರವಸೆ ಇಲ್ಲ. ಅದು ಕೊಕೇನ್ ಅನ್ನು ತಡೆಯಬಹುದು, ಬೇಕು ಅನ್ನುವ ತುಡಿತವನ್ನು ತಡೆಯುವುದಿಲ್ಲ. ಕೊಕೇನ್ ಕೆಲಸ ಮಾಡದಿದ್ದರೆ ಮೆತ್ ಇದೆ.

ಈಗ ಈ ಉಪನ್ಯಾಸದ ಮುಖ್ಯ ಪರೀಕ್ಷೆಗೆ ಬರುತ್ತೇನೆ. ಮೆತ್ ಚಟಕ್ಕೆ ಸಂಬಂಧಿಸಿದ್ದು. 2017ರಿಂದ 2019ರವರೆಗೆ ಅಮೆರಿಕದ ಎಂಟು ಕಡೆ ನಡೆಯಿತು. ಮುಂದಾಳು ಡಲ್ಲಾಸ್‌ನ ಮನೋವೈದ್ಯ ಮಧುಕರ್ ತ್ರಿವೇದಿ. 403 ಜನ, ತಿಂಗಳಲ್ಲಿ ಕಡಿಮೆಯೆಂದರೂ 18 ದಿನ ಮೆತ್ ತೆಗೆದುಕೊಳ್ಳುತ್ತಿದ್ದವರು. ಅವರಿಗೆ ಎರಡು ಹಳೆಯ ಮದ್ದುಗಳನ್ನು ಒಟ್ಟಿಗೆ ಕೊಟ್ಟರು. ಮೂರು ವಾರಕ್ಕೊಮ್ಮೆ ನಾಲ್ಟ್ರೆಕ್ಸೋನ್ ಇಂಜೆಕ್ಷನ್, ದಿನಾ 450 ಮಿಲಿಗ್ರಾಂ ಬುಪ್ರೊಪಿಯಾನ್ ಮಾತ್ರೆ. ಬುಪ್ರೊಪಿಯಾನ್ ತೂಬನ್ನು ಅಷ್ಟಿಷ್ಟು, ನಿಧಾನಕ್ಕೆ ಮುಚ್ಚುತ್ತದೆ. ಮೆತ್ ಬಿಟ್ಟಾಗ ಬರುವ ಮಂಕು ಕಡಿಮೆ ಆಗಲಿ ಅಂತ ಅದು. ನಾಲ್ಟ್ರೆಕ್ಸೋನ್ ಇರುವುದು ತುಡಿತ ತಗ್ಗಿಸಲು. ಅದು ಇಂಜೆಕ್ಷನ್ ಆಗಿದ್ದರಿಂದ ಡಬ್ಬಿಯಲ್ಲಿ ಉಳಿಯುವ ಪ್ರಶ್ನೆಯೂ ಇಲ್ಲ.

ಆರು ವಾರದ ಹಂತದ ಕೊನೆಯಲ್ಲಿ ನಾಲ್ಕು ಮೂತ್ರ ಪರೀಕ್ಷೆ. ಅದರಲ್ಲಿ ಮೂರಾದರೂ ನೆಗೆಟಿವ್ ಬಂದರೆ ಗೆದ್ದ ಹಾಗೆ. 2021ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಮದ್ದಿನವರಲ್ಲಿ ಗೆದ್ದವರು ಶೇ 13.6. ಹುಸಿ ಮಾತ್ರೆಯವರಲ್ಲಿ ಶೇ 2.5.

ಸಭೆಯಲ್ಲಿ ಕೆಲವರು ಮುಖ ಸಿಂಡರಿಸಿದ್ದು ಕಾಣಿಸಿತು. ಇಷ್ಟೇನಾ ಅಂತ. ನನ್ನ ವಿದ್ಯಾರ್ಥಿಗಳೂ ಹಾಗೇ ಮಾಡುತ್ತಾರೆ. ಹಾಗಾದರೆ ಸಿಗರೇಟಿನ ಲೆಕ್ಕ ಕೇಳಿ. ವಾರೆನಿಕ್ಲಿನ್ ಇರುವುದರಲ್ಲೇ ಒಳ್ಳೆಯ ಮಾತ್ರೆ ಅಂತ ಹೆಸರು ಮಾಡಿದ್ದು. 2006ರಲ್ಲಿ ಅದಕ್ಕೆ ಒಪ್ಪಿಗೆ ಸಿಗುವಾಗಿನ ಒಂದು ದೊಡ್ಡ ಪರೀಕ್ಷೆಯಲ್ಲಿ, ವರ್ಷದ ಕೊನೆಯವರೆಗೂ ಸಿಗರೇಟು ಮುಟ್ಟದೆ ಉಳಿದವರು ಶೇ 22. ಹುಸಿ ಮಾತ್ರೆಯಲ್ಲಿ ಶೇ 8. ಅದನ್ನು ನಾವು ಯಶಸ್ಸು ಅಂತ ಕರೆದು ಔಷಧಿ ಅಂಗಡಿಯಲ್ಲಿ ಇಟ್ಟಿದ್ದೇವೆ. ಸರಿಯಾಗಿಯೇ ಮಾಡಿದ್ದೇವೆ. ಎರಡು ಪರೀಕ್ಷೆಗಳ ಅವಧಿ ಬೇರೆ, ಅಳತೆ ಬೇರೆ, ಹಾಗಾಗಿ ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ, ಒಪ್ಪುತ್ತೇನೆ. ಆದರೂ ಚಟದ ಮದ್ದು ಅಂದರೆ ಸಾಮಾನ್ಯವಾಗಿ ಇಷ್ಟೇ ಗಾತ್ರದ ಫಲ ಕೊಡುತ್ತದೆ. ತ್ರಿವೇದಿಯವರ ಲೆಕ್ಕದಲ್ಲಿ ಒಂಬತ್ತು ಜನರಿಗೆ ಮದ್ದು ಕೊಟ್ಟರೆ, ಹುಸಿ ಮಾತ್ರೆಯಲ್ಲಿ ಗೆಲ್ಲದಿದ್ದ ಒಬ್ಬರು ಗೆಲ್ಲುತ್ತಾರೆ. ಬೇರೇನೂ ಇಲ್ಲದ ಕಾಯಿಲೆಯಲ್ಲಿ ಅದು ಸಣ್ಣ ಮಾತಲ್ಲ.

ಅಳತೆಯ ತಕರಾರು ಇನ್ನೂ ಇದೆ. ಈ ಪರೀಕ್ಷೆಗಳಲ್ಲಿ ಬಹುಕಾಲ ಲೆಕ್ಕಕ್ಕೆ ಬಂದದ್ದು ಪೂರ್ತಿ ಬಿಟ್ಟವರು ಮಾತ್ರ. ತಿಂಗಳಿಗೆ 26 ದಿನ ತೆಗೆದುಕೊಳ್ಳುತ್ತಿದ್ದವರು 4 ದಿನಕ್ಕೆ ಇಳಿದರೆ? ಸೋಲು. ಮೂತ್ರ ಪರೀಕ್ಷೆಗೆ ಬರದಿದ್ದರೆ? ಪಾಸಿಟಿವ್ ಅಂತಲೇ ಬರೆದುಕೊಳ್ಳುವುದು ರೂಢಿ, ಬಸ್ ತಪ್ಪಿಸಿಕೊಂಡಿದ್ದರೂ ಸರಿ. ಆದರೆ ಆ 26ರಿಂದ 4ಕ್ಕೆ ಇಳಿದವರ ಮನೆಯಲ್ಲಿ ಏನಾಗಿದೆ ಅಂತ ಕೇಳಿ. ಅವರು ಕೆಲಸಕ್ಕೆ ಹೋಗುತ್ತಿರಬಹುದು. ರಾತ್ರಿ ನಿದ್ದೆ ಮಾಡುತ್ತಿರಬಹುದು. 2024ರಲ್ಲಿ 13 ಪರೀಕ್ಷೆಗಳ 2,000ಕ್ಕೂ ಜಾಸ್ತಿ ಜನರ ಮಾಹಿತಿ ಒಟ್ಟುಹಾಕಿ ನೋಡಿದ ಅಧ್ಯಯನ ಬಂತು. ಪೂರ್ತಿ ಬಿಡದೆ, ಕಡಿಮೆ ಮಾಡಿದವರಲ್ಲೂ ಖಿನ್ನತೆ, ತುಡಿತ, ದಿನನಿತ್ಯದ ತೊಂದರೆಗಳು ಇಳಿದಿದ್ದವು. ಎಫ್‌ಡಿಎ ಕೂಡ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲಿ, ಪೂರ್ತಿ ಬಿಡುವುದೊಂದೇ ಅಳತೆಯಾಗಬೇಕಿಲ್ಲ, ಬಳಕೆ ಎಷ್ಟು ಇಳಿಯಿತು ಅನ್ನುವುದನ್ನೂ ತೋರಿಸಬಹುದು ಅಂದಿದೆ. ಮೂವತ್ತು ವರ್ಷ ತಡವಾಗಿ ಬಂತು, ಬಂತಲ್ಲ ಅನ್ನೋಣ.

ಹಣದ ವಿಷಯ ಬಿಟ್ಟರೆ ಕಥೆ ಅರ್ಧ ಆಗುತ್ತದೆ. ಬುಪ್ರೊಪಿಯಾನ್ ಹಳೆಯ ಮಾತ್ರೆ, ಪೇಟೆಂಟ್ ಮುಗಿದಿದೆ. ಹಳೆಯ ಮದ್ದಿಗೆ ಹೊಸ ಉಪಯೋಗ ಬರೆಸಿಕೊಳ್ಳಲು ಕೋಟಿಗಟ್ಟಲೆ ಸುರಿದು ಇನ್ನೊಂದು ದೊಡ್ಡ ಪರೀಕ್ಷೆ ಮಾಡಿಸುವವರು ಯಾರು? ಲಾಭ ಎಲ್ಲ ಕಂಪನಿಗಳಿಗೂ ಹಂಚಿಹೋಗುತ್ತದೆ. ಮೆತ್ ಚಟದವರಲ್ಲಿ ಬಹಳಷ್ಟು ಜನರ ಹತ್ತಿರ ದುಡ್ಡಿಲ್ಲ, ವಿಮೆಯಿಲ್ಲ. ಪರೀಕ್ಷೆಯ ನಡುವೆ ಯಾರಾದರೂ ಸತ್ತರೆ ಮದ್ದಿನ ಹೆಸರು ಕೆಡುತ್ತದೆ ಅನ್ನುವ ಅಳುಕೂ ಇದೆ. ಹಾಗಾಗಿ ಇಲ್ಲಿ ಪರೀಕ್ಷೆಗಳನ್ನು ಹೊತ್ತು ನಡೆಸುತ್ತಿರುವುದು ಹೆಚ್ಚಾಗಿ ಸರ್ಕಾರಿ ಹಣ. ತ್ರಿವೇದಿಯವರ ಜೋಡಿ ಮದ್ದಿಗೆ ಎಫ್‌ಡಿಎ ಮುದ್ರೆ ಇಲ್ಲದಿದ್ದರೂ, ಅಮೆರಿಕದ ಚಟ ಚಿಕಿತ್ಸಾ ವೈದ್ಯರ ಸಂಘಗಳು 2023ರಲ್ಲಿ ತಂದ ಮಾರ್ಗಸೂಚಿ ಅದನ್ನು ಬಳಸಿ ನೋಡಬಹುದು ಅಂತ ಹೇಳಿದೆ.

ಅದೇ ಮಾರ್ಗಸೂಚಿ ಎಲ್ಲಕ್ಕಿಂತ ಮೇಲೆ ಇಟ್ಟದ್ದು ಒಂದು ಮದ್ದನ್ನಲ್ಲ. ಅದನ್ನು ಹೇಳಲು ಇಲಿಗಳ ಕಥೆ ಬೇಕು.

ಇಲಿಗೆ ಒಂದು ಸನ್ನೆ (ಒತ್ತುವ ಲಿವರ್) ಒತ್ತಿದರೆ ರಕ್ತಕ್ಕೆ ಕೊಕೇನ್ ಹೋಗುವ ವ್ಯವಸ್ಥೆ ಮಾಡಿದರೆ ಅದು ಒತ್ತುತ್ತಲೇ ಇರುತ್ತದೆ. ಹೊಸ ಮದ್ದುಗಳನ್ನು ಮೊದಲು ಪರೀಕ್ಷಿಸಿದ್ದು ಇಂಥ ಇಲಿಗಳ ಮೇಲೆ. ಫ್ರಾನ್ಸಿನ ಬೋರ್ಡೊದಲ್ಲಿ ಸೆರ್ಜ್ ಅಹ್ಮದ್ ತಂಡ ಪಂಜರದಲ್ಲಿ ಎರಡನೆಯ ಸನ್ನೆ ಇಟ್ಟಿತು. ಅದನ್ನು ಒತ್ತಿದರೆ ಸ್ಯಾಕರಿನ್ ಹಾಕಿದ ಸಿಹಿ ನೀರು. 2007ರ ಅವರ ವರದಿಯಂತೆ ಶೇ 94ರಷ್ಟು ಇಲಿಗಳು ಸಿಹಿ ನೀರನ್ನೇ ಆರಿಸಿಕೊಂಡವು. 2018ರಲ್ಲಿ ಮಾರ್ಕೊ ವೆನ್ನಿರೊ, ಯಾವಿನ್ ಶಹಾಮ್ ಮತ್ತು ಜೊತೆಗಾರರು ಎರಡನೆಯ ಸನ್ನೆಗೆ ಒಂದು ಬಾಗಿಲು ಜೋಡಿಸಿದರು. ಒತ್ತಿದರೆ ಇನ್ನೊಂದು ಇಲಿಯ ಹತ್ತಿರ ಹೋಗಬಹುದು. ಮೆತ್‌ಗೆ ಅಂಟಿಕೊಂಡಿದ್ದ ಇಲಿಗಳೂ ಜೊತೆಗಾರ ಇಲಿಯ ಬಾಗಿಲನ್ನೇ ಒತ್ತಿದವು. ಅಲ್ಲಿಯವರೆಗಿನ ಬಹುಪಾಲು ಪ್ರಯೋಗಗಳಲ್ಲಿ ಇಲಿಗೆ ಬೇರೆ ಸನ್ನೆಯೇ ಇರಲಿಲ್ಲ. ಒಂಟಿ ಪಂಜರದ ಇಲಿಯಲ್ಲಿ ಗೆದ್ದ ಮದ್ದು ಮನುಷ್ಯರಲ್ಲಿ ಸೋತದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಇಲಿಗಳಿಗೆ ಮೊದಲೇ, ಮನುಷ್ಯರಿಗೆ ಎರಡನೆಯ ಸನ್ನೆ ಕೊಟ್ಟವರು ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್. 1990ರ ದಶಕದ ಆರಂಭ. ಕೊಕೇನ್ ಬಿಡಲು ಬಂದವರ ಮೂತ್ರ ಪರೀಕ್ಷೆ ನೆಗೆಟಿವ್ ಬಂದರೆ ಎರಡೂವರೆ ಡಾಲರಿನ ವೋಚರ್. ಮುಂದಿನದಕ್ಕೆ ಸ್ವಲ್ಪ ಜಾಸ್ತಿ, ಅದರ ಮುಂದಿನದಕ್ಕೆ ಇನ್ನೂ ಜಾಸ್ತಿ. ಒಂದು ಸಲ ಪಾಸಿಟಿವ್ ಬಂದರೆ ಮತ್ತೆ ಎರಡೂವರೆಯಿಂದ ಶುರು. ಕೈಗೆ ನಗದು ಕೊಡುತ್ತಿರಲಿಲ್ಲ, ಬೇಕಾದ ವಸ್ತು ಕೊಡಿಸುತ್ತಿದ್ದರು. 1994ರ ವರದಿಯಲ್ಲಿ ವೋಚರ್ ಇದ್ದವರಲ್ಲಿ ಶೇ 75ರಷ್ಟು ಜನ 24 ವಾರದ ಚಿಕಿತ್ಸೆ ಪೂರ್ತಿ ಮಾಡಿದರು. ವೋಚರ್ ಇಲ್ಲದವರಲ್ಲಿ ಶೇ 40. ಆಮೇಲೆ ಎಷ್ಟೋ ಕಡೆ ಇದನ್ನು ಮಾಡಿದರು, ಫಲ ಕರಗಲಿಲ್ಲ. ಆ ಮಾರ್ಗಸೂಚಿ ಎಲ್ಲಕ್ಕಿಂತ ಮೇಲೆ ಇಟ್ಟದ್ದು ಇದನ್ನೇ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2011ರಿಂದ ಇದು ನಡೆಯುತ್ತಿದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಬಡವರ ಸರ್ಕಾರಿ ವಿಮೆಯಲ್ಲೇ ಸೇರಿಸಿತು, ವರ್ಷಕ್ಕೆ ಹೆಚ್ಚೆಂದರೆ 599 ಡಾಲರ್. 600 ಮುಟ್ಟಿದರೆ ತೆರಿಗೆ ಇಲಾಖೆಗೆ ಲೆಕ್ಕ ಕೊಡುವ ಕಾಗದಪತ್ರ ಬರುತ್ತಿತ್ತು ನೋಡಿ!

ಚಟ ಬಿಡಲು ದುಡ್ಡು ಕೊಡಬೇಕಾ ಅಂತ ಸಿಟ್ಟು ಬರುವವರಿದ್ದಾರೆ. ನನಗೂ ಅರ್ಥವಾಗುತ್ತದೆ. ಆದರೆ ಇದೇ ಫಲ ಒಂದು ಮಾತ್ರೆ ಕೊಟ್ಟಿದ್ದರೆ ಕಂಪನಿಗಳು ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದವು. ಮುಂದೆ ಬರುವ ಮದ್ದು ಒಂಟಿಯಾಗಿ ಗೆಲ್ಲುವುದು ಕಷ್ಟ, ಇಂಥದ್ದರ ಜೊತೆ ಸೇರಿ ಗೆಲ್ಲಬಹುದು ಅನ್ನುವುದು ನನ್ನ ಅಂದಾಜು.

ಸಭಿಕರ ಪ್ರಶ್ನೆಗಳು

ಒಬ್ಬರು ಅಮ್ಮ ಕೇಳಿದರು: "ಸರ್, ಗೋಡೆ ಮೇಲೆ ಬರೆದಿರ್ತಾರಲ್ಲ, ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಚಟ ಬಿಡಿಸ್ತೀವಿ ಅಂತ. ಅದು ನಿಜಾನಾ?"

ದಯವಿಟ್ಟು ಬೇಡಮ್ಮ. ಆ ಪುಡಿಯಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಇದ್ದರೆ ಇನ್ನೂ ಅಪಾಯ. ಅದನ್ನು ತಿಂದವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ವೈದ್ಯರು ಕೊಡುವಾಗ ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡುವುದು. ಮೆತ್, ಕೊಕೇನ್‌ಗಂತೂ ಹಾಗೆ ಬೆರೆಸುವ ಮದ್ದೇ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು.

ಒಬ್ಬ ವಿದ್ಯಾರ್ಥಿ: "ತೂಕ ಇಳಿಸುವ ಸೆಮಾಗ್ಲುಟೈಡ್ ಚಟವನ್ನೂ ಬಿಡಿಸುತ್ತೆ ಅಂತ ಓದಿದೆ."

ಆ ಜಾತಿಯ ಮದ್ದುಗಳು ಪ್ರಾಣಿಗಳಲ್ಲಿ ಕೊಕೇನ್ ಬಯಕೆ ತಗ್ಗಿಸಿವೆ. ಮನುಷ್ಯರಲ್ಲಿ ಕುಡಿತದ ಬಗ್ಗೆ ಪರೀಕ್ಷೆಗಳು ನಡೆಯುತ್ತಿವೆ. ಡೆಸಿಪ್ರಮಿನ್ ಕಥೆ ಈಗಷ್ಟೇ ಕೇಳಿದ್ದೀರಿ. ದೊಡ್ಡ ಪರೀಕ್ಷೆ ಬರಲಿ, ಆಮೇಲೆ ಮಾತಾಡೋಣ.

ಹಿಂದಿನ ಸಾಲಿನಲ್ಲಿದ್ದ ಒಬ್ಬರು, ತಮ್ಮ ಮನೆಯ ವಿಷಯ ಅಂತ ಹೇಳದೆಯೇ ಕೇಳಿದರು: "ಮದ್ದು ಬರೋವರೆಗೆ ಮನೆಯವರು ಏನು ಮಾಡಬೇಕು?"

ಮದ್ದಿಲ್ಲ ಅಂದರೆ ಚಿಕಿತ್ಸೆ ಇಲ್ಲ ಅಂತ ಅಲ್ಲ. ಕೌನ್ಸೆಲಿಂಗ್ ಇದೆ. ಜೊತೆಗಿರುವ ಖಿನ್ನತೆ, ಅನುಮಾನದ ಕಾಯಿಲೆ, ನಿದ್ದೆಯ ತೊಂದರೆಗಳಿಗೆ ಮದ್ದಿದೆ, ಅವು ವಾಸಿಯಾದರೆ ಅರ್ಧ ಭಾರ ಇಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮೊದಲು ಯಾರೊಡನಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ಡ್ರಗ್ಸ್ ಬಿಡುವ ಬಗ್ಗೆಯೇ ಆದರೆ 14446 ಇದೆ. ಎದೆನೋವು, ಫಿಟ್ಸ್, ಮೈ ಕಾದ ಹಾಗೆ ಜ್ವರ ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ತೆಗೆದುಕೊಂಡಿದ್ದಾರೆ ಅಂತ ಡಾಕ್ಟರಿಗೆ ನಿಜ ಹೇಳಿ. ಬಿಟ್ಟ ಮೊದಲ ಒಂದೆರಡು ವಾರ ಜೊತೆಯಲ್ಲೇ ಇರಿ. ಕುಡಿತ ಬಿಟ್ಟವರಿಗೆ ಬರುವ ನಡುಕ, ಫಿಟ್ಸ್ ಇದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಬರುವುದು ಹಗಲೂ ರಾತ್ರಿ ನಿದ್ದೆ, ವಿಪರೀತ ಹಸಿವು, ಮತ್ತೆ ಕಡುಖಿನ್ನತೆ. ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಪೊಲೀಸ್ ಕೇಸ್ ಆಗುತ್ತಾ ಅಂತಲೂ ಅವರು ಕೇಳಿದರು. ಚಿಕಿತ್ಸೆಗೆ ಹೋದ ಮಾತ್ರಕ್ಕೆ ಆಗುವುದಿಲ್ಲ. ಸ್ವಂತ ಬಳಕೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣವಾಗಿದ್ದು, ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯಲು ಮುಂದಾದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವರಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೇ ಬಿಟ್ಟರೆ ಆ ವಿನಾಯಿತಿ ಹೋಗಬಹುದು. ಪ್ರಕರಣ ಆಗಲೇ ದಾಖಲಾಗಿದ್ದರೆ ವಕೀಲರಿಗೆ ಮೊದಲು ಈ ಕಲಂ ತೋರಿಸಿ.